ಒಪ್ಪುವುದಿಲ್ಲ ಎಂಬ ಗುರುತು

ಪರ್ರನೆ ಕಾಗದ ಹರಿದ ಸದ್ದು, ಮತ್ತೊಂದು, ಈಗ ಇಡೀ ತರಗತಿಯೇ ಹರಿಯುತ್ತಿದೆ — ಹಳೆಯ ಪತ್ರಿಕೆಯನ್ನು ಅರ್ಧ ಮಾಡಿ, ಅರ್ಧದ ಅರ್ಧ ಮಾಡಿ, ಭಿನ್ನರಾಶಿ ಪಾಠವಂತೆ ಇದು, ಕಾಲು ಭಾಗ ನಂದು ಕಾಲು ಭಾಗ ನಂದು ಎಂದು ಮಕ್ಕಳು ಕೂಗುತ್ತಿವೆ, ಅಂಕಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕುಳಿತ ಮೇಡಂಗೆ ಮಾತ್ರ ನಂಬಿಕೆ ಬರುತ್ತಿಲ್ಲ, ಇಷ್ಟು ಚೆನ್ನಾಗಿ ನಡೆಯುವ ಪಾಠದಲ್ಲಿ ಏನೋ ಮಸಲತ್ತು ಇದ್ದೇ ಇರುತ್ತದೆ, ಇಪ್ಪತ್ತೆರಡು ವರ್ಷ ಟೀಚರುಗಳನ್ನು ತಯಾರು ಮಾಡಿದ ತನ್ನ ಕಣ್ಣಿಗೇ ಮಣ್ಣೆರಚುವುದೇ, ಅದೂ ಬೋರ್ಡಿನ ಮುಂದೆ ಪಾಠ ಮಾಡುತ್ತಿರುವ ಈ ಮೊಂಡು ಹುಡುಗಿ — ಹೋದ ತಿಂಗಳು ತರಬೇತಿಯ ನಲವತ್ತು ಹುಡುಗಿಯರಿಗೂ ಪ್ರಶ್ನಾವಳಿ ಹಂಚಿದ್ದರು, ಸೃಜನಶೀಲ ಬೋಧನೆ ನನಗೆ ಇಷ್ಟ, ಒಪ್ಪುತ್ತೇನೆ, ಒಪ್ಪುವುದಿಲ್ಲ, ಮೂವತ್ತೊಂಬತ್ತು ಜನ ಕಣ್ಣು ಮುಚ್ಚಿ ಒಪ್ಪಿದ್ದರು, ಇವಳೊಬ್ಬಳು ಒಪ್ಪುವುದಿಲ್ಲ ಎಂಬಲ್ಲಿ ಗುರುತು ಹಾಕಿದ್ದಳು, ಹಿಂದಿನ ಪುಟದಲ್ಲೂ ಮೂಡುವಷ್ಟು ಪೆನ್ನು ಒತ್ತಿ. ಅಂಥವಳು ಇವತ್ತು ಕುಣಿದು ಕುಣಿದು ಪಾಠ ಮಾಡುತ್ತಾಳೆಂದರೆ ಆಗ ಸುಳ್ಳೋ, ಈಗ ಸುಳ್ಳೋ, ನಿನ್ನೆಯೇ ತಾಲೀಮು ಕೊಟ್ಟಿರಬೇಕು, ಉತ್ತರ ಬಾಯಿಪಾಠ ಮಾಡಿಸಿರಬೇಕು, ಚಾಕಲೇಟಿನ ಆಸೆ ತೋರಿಸಿರಬೇಕು, ಕೇಳಿಯೇ ಬಿಡೋಣವೆಂದು ಪಕ್ಕದ ಎರಡು ಜಡೆಯವಳತ್ತ ಬಾಗಿದರು, ಏನಮ್ಮ, ನಿನ್ನೆನೂ ಇದನ್ನೇ ಮಾಡ್ಸಿದ್ರಾ ನಿಮ್ಮ ಟೀಚರ್, ಇಲ್ಲ ಮಿಸ್, ನಿನ್ನೆ ಹಗ್ಗ ಹಿಡ್ಕೊಂಡು ಮೈದಾನ ಅಳೆದ್ವಿ, ಇವತ್ತು ನೀವು ಬರ್ತೀರಂತ ಗಲಾಟೆ ಕಮ್ಮಿ ಮಾಡಿ ಅಂದ್ರು — ಕಮ್ಮಿ, ಇದು ಕಮ್ಮಿಯಂತೆ, ಮೇಡಂ ಪೆನ್ನಿನ ಮುಚ್ಚಳ ಕಚ್ಚಿದರು, ಮಗು ಸುಳ್ಳು ಹೇಳುವ ಹಾಗೆ ಕಾಣಲಿಲ್ಲ, ಆದರೂ, ಆದರೂ. ಗಂಟೆ ಹೊಡೆಯಿತು, ಮಕ್ಕಳು ಚೂರುಗಳನ್ನು ಬಾಚಿಕೊಂಡು ಓಡಿದವು, ಹುಡುಗಿ ಡಸ್ಟರನ್ನು ಕೈಯಲ್ಲಿ ತಿರುವುತ್ತ ಬಂದು ನಿಂತಳು, ಹೇಗಿತ್ತು ಮೇಡಂ, ಅದಿರಲಿ, ಇಷ್ಟೆಲ್ಲ ಮಾಡೋಳು ಅವತ್ತು ಯಾಕೆ ಒಪ್ಪಲ್ಲ ಅಂತ ಹಾಕ್ದೆ, ನನ್ನನ್ನ ಪರೀಕ್ಷೆ ಮಾಡೋಕಾ, ಅಯ್ಯೋ ಇಲ್ಲ, ಬೈಬೇಡಿ ಮೇಡಂ, ನೀವು ಮೂರು ವಾರ ನೋಟ್ಸ್ ಬರೆಸಿದ್ರಲ್ಲ, ಸೃಜನಶೀಲ ಬೋಧನೆ ಅಂದ್ರೆ ಅದೇ ಅನ್ಕೊಂಡಿದ್ದೆ, ಅದು ನಂಗೆ ಇಷ್ಟ ಆಗ್ಲಿಲ್ಲ — ಹುಡುಗಿಯ ಮುಖದಲ್ಲಿ ವ್ಯಂಗ್ಯ ಹುಡುಕಿದರು, ಸಿಗಲಿಲ್ಲ, ಪೂರ್ತಿ ಅಂಕ ಬರೆದರು, ಸಹಿ ಹಾಕಲು ಹೋದರು, ಕೈ ನಿಂತಿತು, ಮೂರು ವಾರ, ಹೌದು, ಸೃಜನಶೀಲ ಬೋಧನೆಯ ಒಂದನೇ ಲಕ್ಷಣ ಬರ್ಕೊಳ್ಳಿ, ಕೆಳಗೆ ಗೆರೆ ಹಾಕಿ, ಎರಡನೇದು, ಆಗ ಎದುರಿಗೆ ಇದ್ದದ್ದು ಮುಖಗಳಲ್ಲ, ನಲವತ್ತು ಬೈತಲೆಗಳು, ಬಗ್ಗಿದ ನಲವತ್ತು ಬೈತಲೆ, ಮೂರನೇದು, ಬಿಳಿಯ ನೇರ ಗೆರೆಗಳು, ತಾನು ಸಾಕು ಅನ್ನುವ ತನಕ ಒಂದೂ ಮೇಲೇಳದ ನಲವತ್ತು ಬೈತಲೆ