ಹಸಿರು ಪಟ್ಟೆಯ ಕಾಗದ

ಹಿಮ ತೋಡುವ ಸಲಿಕೆಯ ಸದ್ದು ನಿಂತಾಗ ಆರ್ಡಿಸ್ ಕಾಫಿ ಬಗ್ಗಿಸುತ್ತಿದ್ದಳು. ಎರಡು ಲೋಟ ತುಂಬಿಸಿ ಕಿಟಕಿಗೆ ಬಂದರೆ, ಗಂಡ ಓರ್ಲಿನ್ ಗ್ಯಾರೇಜಿನ ಮುಂದೆ ಮಗ್ಗುಲಾಗಿ ಬಿದ್ದಿದ್ದ. ಅದು ಮಂಗಳವಾರ.

ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಅವಳೇ ನಿಂತು ಊಟದ ಮೇಜುಗಳಿಗೆ ಕಾಗದ ಹಾಸಿದಳು. ಬೀಜದ ಕಂಪನಿಯ ಕಂಪ್ಯೂಟರ್ ಕೋಣೆಯಿಂದ ಓರ್ಲಿನ್ ಕೆಲಸದಲ್ಲಿದ್ದಾಗ ತಂದು ಪೇರಿಸಿದ್ದ ಹಸಿರು ಪಟ್ಟೆಯ ರದ್ದಿ ಅದು. ಅದಿಲ್ಲದೆ ಇಲ್ಲಿ ಯಾರ ಸಾವಿನ ಊಟವೂ ಆದದ್ದಿಲ್ಲ.

“ಓರ್ಲಿನ್ ಇದ್ದಿದ್ರೆ ಪಟ್ಟೆ ಸೊಟ್ಟಗಿದೆ ಅಂತ ಬೈತಿದ್ದ,” ಎಂದಳು ಗೆಳತಿ ಲವೊನ್. “ಅವನ ಜೊತೆ ಕೆಲಸ ಮಾಡಿದ ಕರ್ಟ್ ನಾಲ್ಕು ಮಾತಾಡ್ತಾನಂತೆ. ದೊಡ್ಡ ಮನಸ್ಸು ಕಣೆ ಅವನ್ದು.”

“ಮಾತಾಡ್ಲಿ. ಇಲ್ಲಿ ಕೂರಿಸು ಅವನನ್ನ.” ಆರ್ಡಿಸ್ ತನ್ನ ಚೀಲದಿಂದ ಅದೇ ಕಾಗದದ ಬೇರೊಂದು ಕಟ್ಟು ತೆಗೆದು ಅಲ್ಲಿ ಹಾಸಿದಳು.

*

ಆರು ವರ್ಷದ ಹಿಂದೆ ಓರ್ಲಿನ್ ಆ ಕಟ್ಟನ್ನು ಅಡುಗೆಮನೆಯಲ್ಲಿ ಬಿಚ್ಚಿದ್ದ. ಅವನು ಪರೀಕ್ಷೆಗೆಂದು ಓಡಿಸಿದ ಪ್ರೋಗ್ರಾಮು, ಬಿತ್ತನೆಯ ಹೊತ್ತಿನಲ್ಲಿ, ರೈತರ ಆ ದಿನದ ಬೀಜದ ಬೇಡಿಕೆಗಳನ್ನೆಲ್ಲ ಅಳಿಸಿಹಾಕಿತ್ತು. ಕೆಲಸ ಹೋಗಿತ್ತು.

“ನೋಡೇ, ‘ನಿಜವಾದ ಫೈಲು ಕೇಳಿದ್ರೆ ನಕಲು ಕೊಡು’ ಅಂತ ನನ್ನ ಪ್ರೋಗ್ರಾಮು ಮೊದಲೇ ಅಪ್ಪಣೆ ಕೊಡುತ್ತೆ. ಓವರ್‌ರೈಡ್ ಅಂತೀವಿ. ಆ ಅಪ್ಪಣೆ ನಡೆಯೋದು ತನ್ನ ಆಕ್ಟಿವೇಶನ್ ಗ್ರೂಪಿನೊಳಗೆ ಮಾತ್ರ, ಅಂದ್ರೆ ಒಟ್ಟಿಗೆ ಓಡೋ ಪ್ರೋಗ್ರಾಮುಗಳ ಗುಂಪಲ್ಲಿ. ಅಳಿಸೋ ಪ್ರೋಗ್ರಾಮೂ ಅದೇ ಗುಂಪಲ್ಲಿತ್ತು. ಹಿಂದಿನ ದಿನ ಕರ್ಟ್ ಅದನ್ನ ಬೇರೆ ಗುಂಪಿಗೆ ಹಾಕಿದಾನೆ, ಯಾರಿಗೂ ಹೇಳ್ದೆ. ಇಗೋ, ಈ ಸಾಲಲ್ಲಿದೆ. ನನ್ನ ಅಪ್ಪಣೆ ಅಲ್ಲಿಗೆ ಮುಟ್ಟಲೇ ಇಲ್ಲ. ಅದು ನಿಜವಾದ ಫೈಲನ್ನೇ ತೆರೀತು.”

“ಕಂಪನಿಯವರಿಗೆ ತೋರಿಸಬಾರ್ದಾ?”

“ತೋರಿಸ್ದೆ. ಇದನ್ನ ಓದೋಕೆ ಬರೋದು ಅಲ್ಲಿ ಇಬ್ಬರಿಗೇ. ಇನ್ನೊಬ್ಬ ಕರ್ಟ್. ಅವನನ್ನೇ ಕರೆಸಿ ಕೇಳಿದ್ರು.”

*

ಊಟದ ನಡುವೆ ಕರ್ಟ್ ಎದ್ದು ನಿಂತ. “ಓರ್ಲಿನ್ ಒಳ್ಳೇ ಮನುಷ್ಯ. ಒಂದ್ಸಲ ಕೈತಪ್ಪಿತು, ನಿಜ. ನಾವೆಲ್ಲ ಯಾವತ್ತೋ ಕ್ಷಮಿಸಿಬಿಟ್ಟಿದೀವಿ.”

ಜನ ತಲೆದೂಗಿದರು. ಕೂತು ಬನ್ನಿಗೆ ಕೈಹಾಕಿದವನ ಕಣ್ಣು ತಟ್ಟೆಯ ಪಕ್ಕಕ್ಕೆ ಬಿತ್ತು. ಅಲ್ಲಿ ಅವನು ತಿದ್ದಿದ ಸಾಲು, ಅವನ ಹೆಸರಿನ ಮೊದಲಕ್ಷರಗಳು, ತಾರೀಕು.

ಆರ್ಡಿಸ್ ಕಾಫಿ ಹಿಡಿದು ಬಂದಳು.

“ಇದು... ಇದನ್ನ ನೀವು ಯಾಕೆ...”

“ಹಳೇ ರದ್ದಿ, ಕರ್ಟ್. ನಮಗ್ಯಾರಿಗೂ ಓದೋಕೆ ಬರಲ್ಲ. ನೀನೇ ಓದಿ ಹೇಳಪ್ಪ.”

ಲವೊನ್ ಇತ್ತ ತಿರುಗಿದಳು. ಕರ್ಟ್ ತಟ್ಟೆಯನ್ನು ಮೆಲ್ಲಗೆ ಆ ಸಾಲಿನ ಮೇಲೆ ಎಳೆದುಕೊಂಡ.

ಪಾದ್ರಿ ಪ್ರಾರ್ಥನೆಗೆ ಎದ್ದರು, ಎಲ್ಲರೂ ತಲೆಬಾಗಿದರು. ಆರ್ಡಿಸ್ ಕಾಫಿಪಾತ್ರೆ ಕೆಳಗಿಡದೆ ಮನಸ್ಸಿನಲ್ಲೇ ಬೇಡಿದಳು. ಕರ್ತನೇ, ಇಲ್ಲಿ ಯಾರೂ ಓದದ್ದನ್ನು ನೀನು ಓದಿದ್ದೀ. ನನ್ನ ಓರ್ಲಿನನಿಗೆ ಶಾಂತಿ ಕೊಡು. ಆಮೆನ್.