ಹಿರಿಸೊಸೆ ಆರಿಸಿದ ಫ್ಯಾನು

ಬಾನುಲಿ ಕೇಂದ್ರದ ಟ್ರಾನ್ಸ್‌ಮಿಟರ್ ಕೋಣೆಯನ್ನು ಹಿರಿಸೊಸೆ ಹದಿನೇಳು ವರ್ಷದಿಂದ ನೋಡಿಕೊಂಡು ಬಂದಿದ್ದಳು. ಎರಡು ವರ್ಷದ ಹಿಂದೆ ಮೈದುನನ ಮದುವೆಯಾಯಿತು. ಬಂದವಳೂ ಅದೇ ಓದು ಓದಿದ್ದಳು. ವರ್ಷ ತುಂಬುವುದರೊಳಗೆ ಪರೀಕ್ಷೆ ಬರೆದು ಅದೇ ಕೇಂದ್ರಕ್ಕೆ ಸೇರಿಕೊಂಡಳು. ಮನೆಯಲ್ಲಿ ಓರಗಿತ್ತಿ, ಕಚೇರಿಯಲ್ಲಿ ಕೈಕೆಳಗಿನವಳು. ಹಿರಿಸೊಸೆಗೆ ಉಸಿರು ಬಿಡಲು ಒಂದು ಜಾಗ ಉಳಿಯಲಿಲ್ಲ.

ಕಿರಿಸೊಸೆ ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು. ಆದರೆ ಅವಳು ಬಂದ ತಿಂಗಳಲ್ಲೇ ಅತ್ತೆಯ ಕಿವಿಯ ಯಂತ್ರ ಸರಿಮಾಡಿಕೊಟ್ಟಳು. ಅಂದಿನಿಂದ ಅತ್ತೆಯ ಬಾಯಲ್ಲಿ ಒಂದೇ ಮಾತು: "ಚಿಕ್ಕವಳ ಕೈಗುಣವೇ ಬೇರೆ." ಅಷ್ಟು ವರ್ಷ ಆ ಕಿವಿಗೆ ಬಾಯಿಟ್ಟು ಕೂಗಿ ಗಂಟಲು ಹರಿದುಕೊಂಡವಳನ್ನು ಯಾರೂ ನೆನೆಯಲಿಲ್ಲ.

ಬೇಸಿಗೆಗೆ ಮೊದಲು ಟ್ರಾನ್ಸ್‌ಮಿಟರನ್ನು ತಂಪಾಗಿಡುವ ಫ್ಯಾನುಗಳು ಸವೆದವು. ಹಳೆಯ ಮಾದರಿ ಈಗ ಸಿಗುತ್ತಿರಲಿಲ್ಲ. ಹೊಸದನ್ನು ಆರಿಸುವ ಹೊಣೆ ಹಿರಿಸೊಸೆಯದು. ಅವಳು ಎರಡು ಬಗೆ ತರಿಸಿದಳು. ಒಂದು ತೆಳ್ಳಗಿನದು, ಸದ್ದಿಲ್ಲದ್ದು. ಎಷ್ಟು ಗಾಳಿ ಬೀಸುತ್ತದೆಂದು ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿಯೇ ಇತ್ತು. ಇನ್ನೊಂದು ದಪ್ಪಗಿನದು, ಗದ್ದಲದ್ದು, ಅಂಕಿಯೂ ಚಿಕ್ಕದು. ಅವಳಿಗೆ ಮೊದಲನೆಯದು ಹಿಡಿಸಿತು.

"ಅಕ್ಕಾ, ಆ ಅಂಕಿ ಬಯಲಲ್ಲಿ ಇಟ್ಟು ಅಳೆದದ್ದು," ಎಂದಳು ಕಿರಿಸೊಸೆ. "ನಮ್ಮಲ್ಲಿ ಗಾಳಿ ಧೂಳಿನ ಫಿಲ್ಟರ್ ದಾಟ್ಬೇಕು, ಆಮೇಲೆ ಶಾಖ ಹೀರೋಕೆ ಒತ್ತೊತ್ತಾಗಿ ಜೋಡಿಸಿರೋ ಅಲ್ಯೂಮಿನಿಯಂ ಪಟ್ಟಿಗಳ ಸಂದೀಲಿ ತೂರ್ಬೇಕು. ತಳ್ಳೋ ಶಕ್ತಿ ಬೇಕು."

ಅವಳು ರಟ್ಟಿನ ಸುರಂಗವೊಂದನ್ನು ಮಾಡಿ, ಒಳಗೆ ಫಿಲ್ಟರನ್ನೂ ಪಟ್ಟಿಗಳನ್ನೂ ಕೂರಿಸಿ, ಬಾಯಿಗೆ ತೆಳು ಕಾಗದದ ಚೂರು ಕಟ್ಟಿದ್ದಳು. ಬಾಗಿಲಲ್ಲಿ ಹಾದುಹೋಗುತ್ತಿದ್ದ ಕೇಂದ್ರದ ಮುಖ್ಯಸ್ಥರು ಇಣುಕಿ, "ಒಳ್ಳೆ ಉಪಾಯ. ಇಷ್ಟು ವರ್ಷ ಯಾರಿಗೂ ಹೊಳೀಲಿಲ್ವಲ್ಲ," ಎಂದು ಮುಂದೆ ಹೋದರು.

ತೆಳ್ಳಗಿನ ಫ್ಯಾನು ಹಾಕಿದಾಗ ಕಾಗದ ನೆಪಕ್ಕೆ ಅಲುಗಿತು. ದಪ್ಪಗಿನದಕ್ಕೆ ನೆಟ್ಟಗೆ ಹಾರಿ ನಿಂತಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಆದರೂ ಹಿರಿಸೊಸೆಯ ಕಿವಿಯಲ್ಲಿ ಮುಖ್ಯಸ್ಥರ ಮಾತೇ ಕೊರೆಯುತ್ತಿತ್ತು. ಕಿರಿಸೊಸೆ ಬರೆದುಕೊಟ್ಟ ಫಲಿತಾಂಶದ ಹಾಳೆಯನ್ನು ಮೇಜಿನ ಖಾನೆಗೆ ತಳ್ಳಿ, "ಎರಡೂ ಆಗುತ್ತವೆ, ಸದ್ದು ಕಡಿಮೆಯಿರುವುದೇ ಉತ್ತಮ" ಎಂದು ವರದಿ ಬರೆದಳು.

ತೆಳ್ಳಗಿನ ಫ್ಯಾನುಗಳು ಬಂದು ಕೂತವು. ಕೋಣೆ ಎಷ್ಟು ಶಾಂತವಾಯಿತೆಂದು ಎಲ್ಲರೂ ಹೊಗಳಿದರು. ಕಿರಿಸೊಸೆ ಮಾತ್ರ ದಿನಕ್ಕೆರಡು ಸಲ ಶಾಖದ ಮಾಪಕ ನೋಡಿ ಸುಮ್ಮನೆ ಹೋಗುತ್ತಿದ್ದಳು. ಆ ಸುಮ್ಮನಿರುವಿಕೆಯೂ ಹಿರಿಸೊಸೆಗೆ ಮುಳ್ಳಾಗಿ ಚುಚ್ಚುತ್ತಿತ್ತು.

ಮೂರನೆಯ ವಾರ, ಉರಿಬಿಸಿಲಿನ ಮಧ್ಯಾಹ್ನ, ವಾರ್ತೆ ಓದುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಕಾವು ಹೆಚ್ಚಿ ತಾನಾಗಿ ನಿಂತಿತು. ಊರಿನ ರೇಡಿಯೋಗಳೆಲ್ಲ ಮೂಕವಾದವು. ಕಿರಿಸೊಸೆ ಓಡಿಹೋಗಿ ಉಗ್ರಾಣದಿಂದ ಮಾದರಿಗೆಂದು ತರಿಸಿದ್ದ ದಪ್ಪ ಫ್ಯಾನುಗಳನ್ನು ತಂದಳು. ಇಬ್ಬರೂ ಸೇರಿ ತಿರುಪು ಬಿಚ್ಚಿದರು, ಬಿಗಿದರು. ನಲವತ್ತು ನಿಮಿಷದ ಮೇಲೆ ದನಿ ಮರಳಿತು.

ಮುಖ್ಯಸ್ಥರು ಇಬ್ಬರನ್ನೂ ಕರೆಸಿದರು. "ಆ ಫ್ಯಾನು ಆರಿಸಿದ್ದು ಯಾರು?"

"ಇಬ್ರೂ ಸೇರಿ ನೋಡಿದ್ವಿ ಸರ್," ಎಂದಳು ಕಿರಿಸೊಸೆ ತಟ್ಟನೆ.

ಹಿರಿಸೊಸೆ ಅವಳತ್ತ ತಿರುಗಿದಳು. ಜಾಣತನದಲ್ಲಿ ಮುಂದೆ ಹೋದದ್ದು ಸಾಲದೆ ಒಳ್ಳೆಯತನದಲ್ಲೂ ಹಿಂದೆ ಹಾಕುವಳೆ? ಅದನ್ನೂ ಬಿಟ್ಟುಕೊಟ್ಟರೆ ತನಗೆಂದು ಉಳಿಯುವುದೇನು?

"ಇಲ್ಲ ಸರ್. ಇವಳು ಬೇಡ ಅಂದಿದ್ಲು, ಪರೀಕ್ಷೆ ಮಾಡಿ ತೋರ್ಸಿದ್ಲು. ಆ ಹಾಳೆ ಮುಚ್ಚಿಟ್ಟೋಳು ನಾನು."

ಅವಳಿಗೆ ಲಿಖಿತ ಎಚ್ಚರಿಕೆ ಬಂತು. ಸುತ್ತಲಿನ ಇನ್ನೂ ಮೂರು ಬಾನುಲಿ ಕೇಂದ್ರಗಳ ಫ್ಯಾನು ಆರಿಸುವ ಕೆಲಸ ಕಿರಿಸೊಸೆಗೆ ಹೋಯಿತು.

ಸಂಜೆ ಬಸ್ಸಿನಲ್ಲಿ ಕಿರಿಸೊಸೆ ಕೇಳಿದಳು: "ಯಾಕಕ್ಕಾ ಹೇಳಿದ್ರಿ? ನಾನು ಹೇಗೋ ತೇಲಿಸ್ತಿದ್ದೆ."

"ನಿನ್ನ ಋಣದಲ್ಲಿರೋಕೆ ನನ್ಕೈಲಾಗಲ್ಲ."

"ನನ್ಮೇಲೆ ಅಷ್ಟು ಸಿಟ್ಟಾ?"

"ಸಿಟ್ಟಲ್ಲ. ಹೊಟ್ಟೆಕಿಚ್ಚು."

ಎರಡು ನಿಲ್ದಾಣ ದಾಟಿದ ಮೇಲೆ ಕಿರಿಸೊಸೆ ಮೆಲ್ಲಗೆ, "ಮೊದಲನೇ ಕೇಂದ್ರಕ್ಕೆ ಸೋಮವಾರ ಹೋಗ್ಬೇಕು. ಅಲ್ಲಿನ ಧೂಳಿನ ಕಥೆ ನಂಗೊತ್ತಿಲ್ಲ. ಬರ್ತೀರಾ?" ಎಂದಳು.

ಹಿಂದೆ ಅಲ್ಲಿಗೆ ಹೋಗಿಬಂದಿದ್ದ ಹಿರಿಸೊಸೆಗೆ ಗೊತ್ತಿತ್ತು. ಅಲ್ಲಿ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಬೇಕಾಗುತ್ತದೆ. ಹೇಳದೆ ಬಿಡೋಣವೆಂದು ಒಂದು ಗಳಿಗೆ ಅನಿಸಿತು.

"ಬರ್ತೀನಿ," ಎಂದಳು. "ಆದ್ರೆ ಈ ಸಲ ಅಳತೆಯ ಹಾಳೆ ನಾನೇ ಬರೀತೀನಿ."