ನೋಡೋಣಪ್ಪ ಯಾವೂರಿನವನು

ಬನವಾಸಿಗೆ ಮೂರು ಮೈಲಿ ದೂರದ ಆ ಹಳ್ಳಿಗೆ ಸರಕಾರದ ರೇಡಿಯೋ ಬಂದದ್ದು ೧೯೬೨ರಲ್ಲಿ. ಪಂಚಾಯ್ತಿ ಚೇರ್ಮನ್ ಚಂದ್ರಶೇಖರಪ್ಪನವರೇ ಶಿರಸಿಗೆ ಹೋಗಿ, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಚಾವಡಿಯ ಗೂಡಿನಲ್ಲಿ ಕೂರಿಸಿ, ದಿನಾ ಸಂಜೆ ತಾವೇ ಕಿವಿ ತಿರುಗಿಸುತ್ತಿದ್ದರು. ಬೇರೆಯವರು ಮುಟ್ಟಿದರೆ ಕೆಡುತ್ತದೆ ಎಂಬುದು ಅವರ ಹೆದರಿಕೆ.

ಬುಧವಾರ ಮಾತ್ರ ಚಾವಡಿ ಸಾಲುತ್ತಿರಲಿಲ್ಲ. ಅಂದು ಹಳ್ಳಿಗರ ಕಾರ್ಯಕ್ರಮದಲ್ಲಿ ಕಾಲುಗಂಟೆಯ ನಗೆನಾಟಕ ಬರುತ್ತಿತ್ತು. ಗಂಡಸರು ಒಳಗೆ, ಹೆಂಗಸರು ಮೆಟ್ಟಿಲ ಮೇಲೆ. ಹಳ್ಳದಾಚೆಯ ಕೇರಿಯಿಂದ ದ್ಯಾವಮ್ಮ ಮೊಣಕಾಲುದ್ದ ನೀರು ದಾಟಿ, ಸೀರೆಯ ಅಂಚು ಹಿಂಡಿಕೊಳ್ಳುತ್ತ ಬಂದು ಕೂರುತ್ತಿದ್ದಳು.

ಮಾರನೆಯ ವರ್ಷದ ಫೆಬ್ರವರಿಯಲ್ಲಿ ಒಂದು ಬುಧವಾರ ನಾಟಕದಲ್ಲಿ ಹೊಸ ಪಾತ್ರ ಬಂತು. ಅವನೊಬ್ಬ ಪಂಚಾಯ್ತಿ ಅಧ್ಯಕ್ಷ. ಹೆಸರು ನೋಡೋಣಪ್ಪ. ಶಾಲೆಗೆ ಹೆಂಚು ಬೇಕೆಂದರೆ ನೋಡೋಣ, ಬಾವಿಗೆ ಗಡಗಡೆ ಬೇಕೆಂದರೆ ನೋಡೋಣ. ಹಳ್ಳ ದಾಟುವುದಕ್ಕೊಂದು ಸಂಕ, ಸಣ್ಣ ಸೇತುವೆ, ಮಾಡಿಸುತ್ತೇನೆಂದು ಎರಡು ಸಲ ಅಡಿಗಲ್ಲು ಹಾಕಿಸಿದ್ದ. ನಾಟಕದ ಮುದುಕಿಯೊಬ್ಬಳು ಹೇಳಿದಳು: "ಸಂಕ ಆಗದಿದ್ರೇನಾತು ನೋಡೋಣಪ್ಪನೋರ, ಬಟ್ಟಿ ಒಗಿಯಾಕ ಚಲೋ ಕಲ್ಲು ಕೊಟ್ರಿ. ಇನ್ನೊಂದು ಹಾಕಸ್ರಿ, ನಮ್ಮ ಸೊಸಿಗೂ ಬೇಕು."

ಮೆಟ್ಟಿಲ ಮೇಲೆ ದ್ಯಾವಮ್ಮ ನಕ್ಕಳು. ಅದು ಬಾಯಿ ಮುಚ್ಚಿಕೊಂಡು ನಗುವ ನಗೆಯಾಗಿರಲಿಲ್ಲ. ಅವಳ ಹಿಂದೆ ಹೆಂಗಸರೆಲ್ಲ ನಕ್ಕರು. ಒಳಗಿನ ಗಂಡಸರು ಕೆಮ್ಮಿದರು, ಶಾಲು ಸರಿಪಡಿಸಿಕೊಂಡರು, ಆಮೇಲೆ ತಡೆಯಲಾರದೆ ಅವರೂ ನಕ್ಕರು. ಏಕೆಂದರೆ ಊರ ಹಳ್ಳದ ದಡದಲ್ಲಿ ಚಂದ್ರಶೇಖರಪ್ಪನವರು ಹಾಕಿಸಿದ ಎರಡು ಅಡಿಗಲ್ಲುಗಳಿದ್ದವು. ದ್ಯಾವಮ್ಮ ಬಟ್ಟೆ ಒಗೆಯುತ್ತಿದ್ದದ್ದು ಅವುಗಳಲ್ಲೊಂದರ ಮೇಲೆ.

ಚಂದ್ರಶೇಖರಪ್ಪ ನಾಟಕ ಮುಗಿಯುವವರೆಗೆ ಕದಲದೆ ಕುಳಿತಿದ್ದರು. ಮರುದಿನ ರೇಡಿಯೋ ಗೂಡಿನಲ್ಲಿ ಇರಲಿಲ್ಲ. "ಬ್ಯಾಟರಿ ಮುಗಿದೈತಿ, ಶಿರಸಿಯಿಂದ ತರಿಸ್ಬೇಕು" ಎಂದರು. ರೇಡಿಯೋ ಅವರ ಮನೆಯ ಕೋಣೆಯಲ್ಲಿ, ಪಂಚೆಯ ಕೆಳಗೆ ಇತ್ತು.

ಹೆಂಡತಿ ನೀಲಗಂಗವ್ವ ಎರಡು ವಾರ ಸುಮ್ಮನಿದ್ದಳು. ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿದಳು: "ಅದರಾಗ ನಿಮ್ಮ ಹೆಸರು ಎಲ್ಲಿ ಬಂತ್ರಿ?"

"ಹೆಸರು ಯಾಕ ಬೇಕು? ಎರಡು ಕಲ್ಲು, ಬಟ್ಟಿ ಒಗಿಯೋದು, ಎಲ್ಲಾ ಬಂತು. ಇಲ್ಲಿಂದ ಯಾರೋ ಕಾಗದ ಬರದಾರ. ಧಾರವಾಡಕ್ಕ ಹೋಗಿ ಕೇಳ್ತೀನಿ."

"ಕೇಳಿ ಬರ್ರಿ. ನನಗೂ ತಿಳೀಬೇಕು" ಎಂದಳು ನೀಲಗಂಗವ್ವ.

ಅವರು ಮಡಿಸಿಟ್ಟಿದ್ದ ಕೋಟು ತೊಟ್ಟು, ಶಿರಸಿಗೆ ಒಂದು ಬಸ್ಸು, ಹುಬ್ಬಳ್ಳಿಗೆ ಇನ್ನೊಂದು, ಹೀಗೆ ಧಾರವಾಡ ಸೇರಿದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದರು. ರೇಡಿಯೋ ಕಚೇರಿಯಲ್ಲಿ ನಾಟಕ ಬರೆದವನನ್ನು ಕಾಣಬೇಕೆಂದಾಗ ಮಫ್ಲರು ಸುತ್ತಿಕೊಂಡ ತೆಳ್ಳನೆಯ ಮನುಷ್ಯನೊಬ್ಬ ಹೊರಗೆ ಬಂದ. ನೋಡೋಣಪ್ಪನ ದನಿಯೂ ಅವನದೇ. "ಬರ್ರಿ, ಕೂಡ್ರಿ" ಎಂದ ಕೂಡಲೇ ಚಂದ್ರಶೇಖರಪ್ಪನವರಿಗೆ ಆ ದನಿಯ ಗುರುತು ಸಿಕ್ಕಿತು, ಬಾಯಿಪಾಠ ಮಾಡಿದ್ದು ಮರೆತುಹೋಯಿತು.

"ನಮ್ಮೂರಿನ ಸುದ್ದಿ ನಿಮಗ ಯಾರು ಹೇಳಿದ್ರು?" ಎಂದಷ್ಟೇ ಕೇಳಿದರು.

ಆ ಮನುಷ್ಯ ನಗಲಿಲ್ಲ. ಕಪಾಟು ತೆರೆದು ದಾರ ಕಟ್ಟಿದ ಕಾಗದದ ಕಂತೆ ತಂದು ಮುಂದಿಟ್ಟ. "ಓದ್ರಿ. ನಾ ಚಾ ಹೇಳಿ ಬರ್ತೀನಿ."

ಚಂದ್ರಶೇಖರಪ್ಪ ಕನ್ನಡಕ ಹಾಕಿಕೊಂಡು ಓದಿದರು. ಗದಗದ ಕಡೆಯ ಒಬ್ಬ ಅಧ್ಯಕ್ಷರು, ತಮ್ಮ ವಿರೋಧಿಗಳು ರೇಡಿಯೋದವರನ್ನು ಒಳಗೆ ಹಾಕಿಕೊಂಡಿದ್ದಾರೆ ಎಂದು ಬರೆದಿದ್ದರು. ಬೆಳಗಾವಿ ಕಡೆಯವರೊಬ್ಬರು, ತಮ್ಮೂರ ಅಡಿಗಲ್ಲಿನ ಮೇಲೆ ಬಟ್ಟೆ ಒಗೆಯುವುದಿಲ್ಲ, ಕುಡುಗೋಲು ಮಸೆಯುತ್ತಾರೆ, ನಾಟಕದಲ್ಲಿ ಅದನ್ನು ತಿದ್ದಬೇಕು ಎಂದಿದ್ದರು. ಇನ್ನೊಬ್ಬರು ಚಾಡಿ ಹೇಳಿದವನ ಹೆಸರು ಎಂಟು ದಿನದೊಳಗೆ ತಿಳಿಸಬೇಕೆಂದು ಪಂಚಾಯ್ತಿ ಮೊಹರು ಒತ್ತಿ ಕಳಿಸಿದ್ದರು. ಒಟ್ಟು ಹದಿನೇಳು ಊರು. ಹದಿನೇಳು ಜನರೂ ನೋಡೋಣಪ್ಪ ತಾನೇ ಎಂದು ಒಪ್ಪಿಕೊಂಡು ಸಹಿ ಹಾಕಿದ್ದರು.

ಅವರಿಗೆ ಮೊದಲು ಸಮಾಧಾನವಾಯಿತು. ಊರಿನವರು ಯಾರೂ ತಮ್ಮ ಮೇಲೆ ಬರೆದಿರಲಿಲ್ಲ. ಆಮೇಲೆ, ಹದಿನೇಳು ಹಳ್ಳಗಳಲ್ಲಿ ಸೀರೆ ಎತ್ತಿ ನೀರು ದಾಟುವ ಹೆಂಗಸರ ನೆನಪಾಗಿ ಆ ಸಮಾಧಾನ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಚಹಾ ಬಂತು. "ನಾ ಬರದಿದ್ದು ನಮ್ಮ ಸೋದರಮಾವನ ಮ್ಯಾಲ್ರಿ" ಎಂದ ಆ ಮನುಷ್ಯ. "ಅವರು ಮಾತ್ರ ಕೇಳಿ, ಇಂಥಾ ಮನಿಷ್ಯಾ ಎಲ್ಲಾದರೂ ಇರ್ತಾನೇನು ಅಂದ್ರು." ಆಮೇಲೆ ಬಟ್ಟಲು ಕೆಳಗಿಟ್ಟು ಕೇಳಿದ, "ಅದಿರಲಿ, ನಿಮ್ಮೂರ ಸಂಕ ಯಾಕ ಆಗಿಲ್ರಿ?"

ಇಷ್ಟು ನೇರವಾಗಿ ಯಾರೂ ಅವರನ್ನು ಕೇಳಿರಲಿಲ್ಲ. ಸಿಮೆಂಟಿನ ಸಂಕದ ನಕಾಶೆ ಮೇಲಿನ ಕಚೇರಿಗೆ ಹೋಗಿ ಮೂರು ವರ್ಷವಾಗಿತ್ತು. ಅದು ಬರಲಿ ಎಂದು ಕಾದರು, ಕಾಯುವುದೇ ರೂಢಿಯಾಯಿತು. ಇದನ್ನೇ ಹೇಳಿದರು. ಹೇಳುತ್ತಿರುವಾಗ ತಮ್ಮ ದನಿಯೂ ಎದುರಿಗೆ ಕುಳಿತವನ ನಾಟಕದ ದನಿಯೂ ಒಂದೇ ಅನ್ನಿಸಿತು.

ಊರಿಗೆ ಮರಳಿದವರು ನೇರವಾಗಿ ಹಳ್ಳಕ್ಕೆ ಹೋದರು. ದ್ಯಾವಮ್ಮ ಕಂಬಳಿ ಒಗೆಯುತ್ತಿದ್ದಳು. ಅವರನ್ನು ಕಂಡು ಕಲ್ಲಿನಿಂದ ಸರಿದು ನಿಂತಳು.

"ಅವತ್ತು ನನ್ನ ನೋಡಿ ನಕ್ಕೆ ಅಲ್ಲೇನು?"

ದ್ಯಾವಮ್ಮ ಕಂಬಳಿಯ ನೀರು ಹಿಂಡಿದಳು. "ಸುಳ್ಳು ಯಾಕೆ ಹೇಳ್ಲಿ ಚೇರ್ಮನ್ರೆ? ನಿಮ್ಮನ್ನೇ ನೆನೆಸ್ಕಂಡು ನಕ್ಕೆ. ಹೋದ ಮಳೆಗಾಲ ನನ್ನ ಮಗಳಿಗೆ ಬ್ಯಾನೆ ಬಂದಾಗ ಹಳ್ಳ ತುಂಬಿತ್ತು. ಸೂಲಗಿತ್ತಿ ಈಚೆ ದಡದಾಗೆ, ನಾವು ಆಚೆ ದಡದಾಗೆ. ಮಗು ಉಳೀತು, ಅದೃಷ್ಟ. ನಿಮ್ಮ ಹತ್ರ ಬಂದು ಹೇಳಿದ್ನಲ್ಲ. ಕಾಗದ ಹೋಗೈತಿ ಅಂದ್ರಿ."

ಚಂದ್ರಶೇಖರಪ್ಪನವರಿಗೆ ನೆನಪಿತ್ತು. ಅವಳು ಬಂದಾಗ ತಾವು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದುದೂ ನೆನಪಿತ್ತು. ಆಚೆ ದಡದತ್ತ ನೋಡಿ ಕೇಳಿದರು:

"ಮರದ ಸಂಕ ಹಾಕಿದ್ರೆ ಎಷ್ಟು ವರ್ಷ ತಡೀತೈತಿ?"

"ನಮ್ಮನೆಯವ್ರನ್ನ ಕೇಳ್ರಿ. ಮರದ ಕೆಲಸ ಅವ್ರಿಗೆ ಗೊತ್ತು."

ದ್ಯಾವಮ್ಮನ ಗಂಡನ ಹೆಸರು ಹುಚ್ಚ. ಅವನು ಹಳ್ಳದ ಅಗಲವನ್ನು ಹೆಜ್ಜೆಯಲ್ಲಿ ಅಳೆದು, ಒಳ್ಳೆಯ ಮತ್ತಿಮರದ ತೊಲೆ ಮೂರು ಸಿಕ್ಕರೆ ಹತ್ತು ಮಳೆಗಾಲಕ್ಕೆ ಮೋಸವಿಲ್ಲ ಎಂದ.

ಆ ಸಂಜೆ ಚಂದ್ರಶೇಖರಪ್ಪ ರೇಡಿಯೋವನ್ನು ಚಾವಡಿಗೆ ಹೊತ್ತು ತಂದರು. ಜನ ಸೇರಿದ ಮೇಲೆ ಎದ್ದು ನಿಂತು, "ಬ್ಯಾಟರಿ ಮುಗಿದಿರಲಿಲ್ಲ. ಸಿಟ್ಟಿಗೆ ನಾನೇ ಒಯ್ದಿಟ್ಟಿದ್ದೆ. ತಪ್ಪಾತು" ಎಂದರು. ಅವರು ಮುಂದುವರಿಸಿದರು: "ಮಳೆ ಹಿಡಿಯೋದ್ರಾಗ ಮರದ ಸಂಕ ಹಾಕೋಣ. ತೊಲಿ ಪರವಾನಗಿ ನಾ ತರ್ತೀನಿ. ಮನಿಗೊಬ್ರು ಕೆಲಸಕ್ಕ ಬರ್ರಿ. ಮೊದಲನೇ ಆಳು ನಮ್ಮನಿಯಿಂದ ನಾನು."

ಹಿಂದಿನಿಂದ ಯಾರೋ, "ಅಡಿಗಲ್ಲು ಯಾವಾಗ್ರಿ?" ಎಂದರು. ಚಾವಡಿ ನಕ್ಕಿತು. ಈ ಸಲ ಚಂದ್ರಶೇಖರಪ್ಪನವರೂ ನಕ್ಕರು. ಅಷ್ಟೇನೂ ಸಲೀಸಾಗಿ ಅಲ್ಲ, ಆದರೂ ನಕ್ಕರು.

ಪರವಾನಗಿಗಾಗಿ ಅವರು ಶಿರಸಿಯ ಅರಣ್ಯ ಕಚೇರಿಗೆ ಮೂರು ಸಲ ಹೋದರು. ಮೂರನೆಯ ಸಲ ಬುತ್ತಿ ಕಟ್ಟಿಕೊಂಡು ಹೋಗಿ ಕಚೇರಿಯ ಬೆಂಚಿನ ಮೇಲೆ ಕುಳಿತು, ಕಾಗದ ಕೈಗೆ ಬಂದ ಮೇಲೆಯೇ ಎದ್ದರು. ಏಪ್ರಿಲಿನಲ್ಲಿ ತೊಲೆಗಳನ್ನು ಎತ್ತುಗಳು ಎಳೆದು ತಂದವು. ಎರಡೂ ಕೇರಿಯವರು ದಡಕ್ಕೆ ಕಲ್ಲು ಕಟ್ಟಿದರು. ಹುಚ್ಚ ಹೇಳಿದಂತೆ ಚೇರ್ಮನ್ನರು ಹಗ್ಗ ಹಿಡಿದರು, ಬಿಡು ಎಂದಾಗ ಬಿಟ್ಟರು. ಅಂಗೈಯಲ್ಲಿ ಬೊಬ್ಬೆ ಎದ್ದು ಎರಡು ದಿನ ರೊಟ್ಟಿ ಮುರಿಯಲಾಗಲಿಲ್ಲ. ನೀಲಗಂಗವ್ವ ಮುರಿದು ಹಾಲಿಗೆ ಹಾಕಿ ಕೊಟ್ಟಳು.

ಜೂನಿನ ಎರಡನೆಯ ವಾರ ಹಳ್ಳ ಕೆಂಪಾಗಿ ಉಕ್ಕಿತು. ಊರಿನ ಅರ್ಧ ಜನ ಸಂಕ ನಿಲ್ಲುತ್ತದೋ ಇಲ್ಲವೋ ಎಂದು ಕಂಬಳಿಕೊಪ್ಪೆ ಹಾಕಿಕೊಂಡು ದಡದಲ್ಲಿ ನಿಂತಿದ್ದರು. ಆಚೆಯ ಕೇರಿಯಿಂದ ದ್ಯಾವಮ್ಮನ ಮಗಳು ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಸಂಕದ ಮೇಲೆ ಕಾಲಿಟ್ಟಳು. ಹಿಂದೆಯೇ ದ್ಯಾವಮ್ಮ. ನಡುವೆ ಬಂದಾಗ ಕೂಸು ಕೆಳಗಿನ ನೀರನ್ನು ನೋಡಿ ಕೈ ಬಡಿಯಿತು. ಅವರಿಬ್ಬರೂ ಈಚೆ ಬರುವವರೆಗೆ ಚಂದ್ರಶೇಖರಪ್ಪ ತೊಲೆಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ದ್ಯಾವಮ್ಮ ದಡಕ್ಕಿಳಿದು ತಿರುಗಿ ನೋಡಿದಳು. "ಗಟ್ಟಿ ಐತಿ ಚೇರ್ಮನ್ರೆ. ಆದ್ರೆ ಹಿಡಿಕೆ ಒಂದೇ ಮಗ್ಗುಲಿಗೆ ಐತಿ. ತಲೆ ಮೇಲೆ ಹೊರೆ ಇದ್ರೆ ಕಷ್ಟ."

"ಹೌದು" ಎಂದು ಚಂದ್ರಶೇಖರಪ್ಪ ಕೋಟಿನ ಜೇಬಿನಿಂದ ಪೆನ್ಸಿಲು ತೆಗೆದರು.

"ಬರ್ಕೋಬ್ಯಾಡ್ರಿ" ಎಂದಳು ದ್ಯಾವಮ್ಮ. "ನಮ್ಮ ಹಿತ್ತಲಾಗೆ ಬಿದಿರು ಐತಿ. ಕಡ್ಕಂಡು ಬರಾನ ಬರ್ರಿ."

ಅವರು ಪಂಚೆ ಎತ್ತಿ ಕಟ್ಟಿ, ಅವಳ ಹಿಂದೆ ಸಂಕ ಹತ್ತಿದರು.